ಕಂಬಕ್ಕೆ ಡಬ್ಬಿ ಕಟ್ಟಿದರೆ ಊರು ವೈರ್‌ಲೆಸ್ ಆಗದು

ವೆಳ್ಳಕೋಯಿಲ್: ‘ಇಲ್ಲಿ ಉಚಿತ ವೈ-ಫೈ ಲಭ್ಯ’ ಎಂಬ ಫಲಕ ಇವತ್ತು ಯಾವ ಊರಿಗೂ ಹೊಸದಲ್ಲ. ಬಸ್ ನಿಲ್ದಾಣದಲ್ಲಿ ನೋಡಿದ್ದೇವೆ ಅಂತ ಒಬ್ಬರು, ಪಾರ್ಕಿನ ಗೇಟಿನಲ್ಲಿ ನೋಡಿದ್ದೇವೆ ಅಂತ ಇನ್ನೊಬ್ಬರು ಹೇಳುತ್ತಾರೆ. ಬಳಸಿದ್ದೀರಾ ಎಂದು ಕೇಳಿದರೆ ಮಾತ್ರ ಇಬ್ಬರೂ ನಗುತ್ತಾರೆ. ಫಲಕ ಉಳಿದಿದೆ, ಸಿಗ್ನಲ್ ಹೋಗಿದೆ. ಇಪ್ಪತ್ತು ವರ್ಷಗಳಿಂದ ದೇಶದ ಒಂದಲ್ಲ ಒಂದು ಊರಿನಲ್ಲಿ ಇದೇ ಕಥೆ ಮರುಕಳಿಸುತ್ತಿದೆ. ದೊಡ್ಡ ನಗರಗಳ ಈ ಕಥೆಯಿಂದ ಸಣ್ಣ ಊರುಗಳು ಪಾಠ ಕಲಿಯುವ ಕಾಲ ಬಂದಿದೆ.

ವೆಳ್ಳಕೋಯಿಲ್ ಅಂಥ ಒಂದು ಸಣ್ಣ ಊರು. ಕೊಯಮತ್ತೂರಿನಿಂದ ಕರೂರಿಗೆ ಹೋಗುವ ಹೆದ್ದಾರಿಯಲ್ಲಿ, ಕಾಂಗೇಯಂ ದಾಟಿದ ಮೇಲೆ ಸಿಗುವ ಪುರಸಭೆ. 2009ರಲ್ಲಿ ತಿರುಪ್ಪೂರು ಜಿಲ್ಲೆ ರಚನೆಯಾಗುವವರೆಗೆ ಈರೋಡ್ ಜಿಲ್ಲೆಗೆ ಸೇರಿತ್ತು. ಎಣ್ಣೆ ಗಿರಣಿ, ಪವರ್‌ಲೂಮ್, ಒಣ ಬೇಸಾಯ ಇಲ್ಲಿನ ಜೀವನಾಧಾರ. ಕೊಯಮತ್ತೂರು, ತಿರುಪ್ಪೂರು, ಈರೋಡ್, ಸೇಲಂ ಭಾಗದಲ್ಲಿ ಮಗ್ಗ ನಂಬಿದ ದೇವಾಂಗ ಕುಟುಂಬಗಳು ತಲೆಮಾರುಗಳಿಂದ ನೆಲೆಸಿವೆ. ಬೀದಿಯಲ್ಲಿ ತಮಿಳು, ಮನೆಯೊಳಗೆ ಕನ್ನಡ, ಹಬ್ಬಕ್ಕೆ ಚೌಡೇಶ್ವರಿ ಅಮ್ಮ. ಇಚಲಕರಂಜಿ, ಸೊಲ್ಲಾಪುರದ ಮಗ್ಗದ ಓಣಿಗಳಲ್ಲಿ ಮರಾಠಿಯ ನಡುವೆ ಕನ್ನಡ ಕೇಳುವಂತೆಯೇ ಇಲ್ಲಿ ತಮಿಳಿನ ನಡುವೆ ಕನ್ನಡ ಕೇಳುತ್ತದೆ. ಆದ್ದರಿಂದ ಇಲ್ಲಿನ ಪ್ರಶ್ನೆ ಗಡಿಯಾಚೆಯ ಎಲ್ಲ ಕನ್ನಡ ಮನೆಗಳ ಪ್ರಶ್ನೆಯೂ ಹೌದು.

ಪ್ರಶ್ನೆ ಇಷ್ಟೇ. ಊರಿಗೆ ವೈ-ಫೈ ಬರುತ್ತದೆ ಎಂದಾಗ ಅದನ್ನು ಮಾರುವವರು ಯಾರು? ಕೊಳ್ಳುವವರು ಯಾರು? ಬಳಸುವವರು ಯಾರು? ಈ ಮೂವರೂ ಬೇರೆ ಬೇರೆಯಾದಾಗ ಏನಾಗುತ್ತದೆ?

ಮೈಸೂರಿನಿಂದ ಫಿಲಡೆಲ್ಫಿಯಾವರೆಗೆ

ಊರಿಗೆ ಊರನ್ನೇ ವೈರ್‌ಲೆಸ್ ಮಾಡುವ ಮಾತು ಕನ್ನಡಿಗರಿಗೆ ಬಹಳ ಮೊದಲೇ ಕೇಳಿಸಿತ್ತು. 2004ರಲ್ಲಿ ವೈಫೈನೆಟ್ ಎಂಬ ಕಂಪನಿ ಮೈಸೂರಿನಲ್ಲಿ ಸೇವೆ ಆರಂಭಿಸಿದಾಗ ‘ದೇಶದ ಮೊದಲ ವೈ-ಫೈ ನಗರ’ ಎಂಬ ಬಿರುದೇ ಮೈಸೂರಿಗೆ ಬಂತು. ಮರುವರ್ಷ, 2005ರ ಜನವರಿಯಲ್ಲಿ, ಕೇಂದ್ರ ಸರಕಾರ 2.4 ಗಿಗಾಹರ್ಟ್ಸ್ ತರಂಗಪಟ್ಟಿಯನ್ನು ಲೈಸೆನ್ಸ್‌ನಿಂದ ಮುಕ್ತಗೊಳಿಸಿತು. ಬಯಲಲ್ಲಿ ವೈ-ಫೈ ಹಾಕಲು ಪ್ರತ್ಯೇಕ ಪರವಾನಗಿ ಬೇಡವಾಯಿತು. ಆಗ ಪುಣೆ ಮಹಾನಗರಪಾಲಿಕೆಯೂ ಇಂಟೆಲ್ ಕಂಪನಿಯನ್ನು ಜತೆಗಿಟ್ಟುಕೊಂಡು ಇಡೀ ಪುಣೆಯನ್ನು ವೈರ್‌ಲೆಸ್ ಮಾಡಲು ಹೊರಟಿತು. ಅದು ಊರಿಡೀ ಹರಡಲೇ ಇಲ್ಲ.

ಅಮೆರಿಕದ ಕಥೆಯೂ ಬೇರೆಯಲ್ಲ. 2005ರಲ್ಲಿ ಫಿಲಡೆಲ್ಫಿಯಾ ನಗರ ಅರ್ಥ್‌ಲಿಂಕ್ ಎಂಬ ಕಂಪನಿಯನ್ನು ಆರಿಸಿಕೊಂಡಿತು. ಸುಮಾರು 350 ಚದರ ಕಿ.ಮೀ. ಊರಿಗೆ ಬೀದಿದೀಪದ ಕಂಬಗಳ ಮೇಲೆ ರೇಡಿಯೊ ಪೆಟ್ಟಿಗೆ ಹಾಕುವುದು, ತಿಂಗಳಿಗೆ 20 ಡಾಲರ್ ಆಸುಪಾಸಿನಲ್ಲಿ ಮನೆಮನೆಗೆ ಇಂಟರ್‌ನೆಟ್ ಕೊಡುವುದು ಲೆಕ್ಕಾಚಾರ. ನಗರಸಭೆಗೆ ಖರ್ಚಿಲ್ಲ ಎಂದರು. ಕಂಬದ ಮೇಲಿನ ಸಿಗ್ನಲ್ ಗೋಡೆ ದಾಟಿ ಮನೆಯೊಳಗೆ ಬರಲು ಒದ್ದಾಡಿತು. ಅಂದಾಜಿಗಿಂತ ಹೆಚ್ಚು ಪೆಟ್ಟಿಗೆ ಬೇಕಾದವು. ಚಂದಾದಾರರು ಮಾತ್ರ ಬರಲಿಲ್ಲ. 2008ರಲ್ಲಿ ಕಂಪನಿ ಕೈ ತೊಳೆದುಕೊಂಡಿತು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಗೂಗಲ್ ಜತೆ ಸೇರಿ ಇದೇ ಕಂಪನಿ ಮಾಡಹೊರಟಿದ್ದ ಯೋಜನೆ 2007ರಲ್ಲೇ ಮುರಿದುಬಿತ್ತು.

ಬೆಂಗಳೂರಿನ ‘ನಮ್ಮ ವೈ-ಫೈ’ ಹಲವರಿಗೆ ನೆನಪಿರಬಹುದು. 2014ರ ಜನವರಿಯಲ್ಲಿ ಆಗಿನ ಐಟಿ ಸಚಿವ ಎಸ್.ಆರ್. ಪಾಟೀಲರು ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆ ಸೇರಿ ಕೆಲವು ಕಡೆ ಇದಕ್ಕೆ ಚಾಲನೆ ಕೊಟ್ಟರು. ಡಿ-ವಾಯ್ಸ್ ಕಂಪನಿ ನಡೆಸಿತು. ಒಬ್ಬರಿಗೆ ದಿನಕ್ಕೆ 3 ತಾಸು, 512 ಕೆಬಿಪಿಎಸ್ ವೇಗ, 50 ಎಂಬಿ ಮಿತಿ. ಲೆಕ್ಕ ಹಾಕಿ ನೋಡಿದರೆ ಆ ವೇಗದಲ್ಲಿ 50 ಎಂಬಿ ಮುಗಿಯಲು 15 ನಿಮಿಷವೂ ಬೇಡ. ಫಲಕದ ಮೇಲೆ ಮೂರು ತಾಸು, ಕೈಗೆ ಸಿಗೋದು ಕಾಲು ತಾಸು! ಕಂಪನಿಗೂ ಆದಾಯವಿಲ್ಲ, ಜನರಿಗೂ ತೃಪ್ತಿಯಿಲ್ಲ. ಎರಡು-ಮೂರು ವರ್ಷದಲ್ಲಿ ಸೇವೆ ನಿಂತುಹೋಯಿತು.

ತಮಿಳುನಾಡು ಸರಕಾರ 2017ರಲ್ಲಿ ‘ಅಮ್ಮಾ ವೈ-ಫೈ’ ಆರಂಭಿಸಿತು. ಚೆನ್ನೈ ಮರೀನಾ, ಸೇಲಂ, ತಿರುಚಿ, ಮದುರೈ ಜತೆ ಕೊಯಮತ್ತೂರಿನ ಗಾಂಧಿಪುರಂ ಬಸ್ ನಿಲ್ದಾಣಕ್ಕೂ ಅದು ಬಂತು. ಮೊದಲ 20 ನಿಮಿಷ ಉಚಿತ, ಆಮೇಲೆ ತಾಸಿಗೆ 10 ರೂಪಾಯಿ. ಅದೇ ವರ್ಷ ಜನವರಿಯಲ್ಲಿ ಮಹಾರಾಷ್ಟ್ರ ಸರಕಾರ ಮುಂಬಯಿಯಲ್ಲಿ ‘ಆಪಲೇ ಸರಕಾರ್’ ಹೆಸರಿನಲ್ಲಿ 500 ಕೇಂದ್ರಗಳನ್ನು ತೆರೆದಿತ್ತು. ಆದರೆ ಅದಕ್ಕೂ ನಾಲ್ಕು ತಿಂಗಳ ಹಿಂದೆ, 2016ರ ಸೆಪ್ಟೆಂಬರ್ 5ರಂದು, ಜಿಯೋ ಬಂದಾಗಿತ್ತು. ಜೇಬಿನಲ್ಲೇ ಡೇಟಾ ಇರುವಾಗ ಬಸ್ ನಿಲ್ದಾಣದ ಕಂಬದ ಕೆಳಗೆ ನಿಂತು ಓಟಿಪಿಗೆ ಕಾಯೋರು ಯಾರು? ಗೂಗಲ್ ಕೂಡ ರೈಲ್‌ಟೆಲ್ ಜತೆ 400 ರೈಲು ನಿಲ್ದಾಣಗಳಿಗೆ ವೈ-ಫೈ ಕೊಟ್ಟು, ಡೇಟಾ ಅಗ್ಗವಾಯಿತು ಎಂಬ ಕಾರಣ ಹೇಳಿ 2020ರಲ್ಲಿ ಹಿಂದೆ ಸರಿಯಿತು. ರೈಲ್‌ಟೆಲ್ ಮಾತ್ರ ಬಿಡಲಿಲ್ಲ. ಮೊದಲ ಅರ್ಧ ತಾಸು ಉಚಿತ ಕೊಟ್ಟು, 2021ರಲ್ಲಿ ದಿನಕ್ಕೆ 10 ರೂಪಾಯಿಗೆ 5 ಜಿಬಿ ಎಂಬಂಥ ಪ್ಲಾನ್‌ಗಳನ್ನು ತಂದಿತು.

ಗಿರಾಕಿ ಯಾರು?

ಇಷ್ಟೂ ಕಡೆ ಸೋತದ್ದು ತಂತ್ರಜ್ಞಾನ ಒಂದೇ ಎನ್ನುವಂತಿಲ್ಲ. ಹೆಚ್ಚಾಗಿ ಸೋತದ್ದು ಖಾತೆ-ಕಿರ್ದಿ.

ಊರ ವೈ-ಫೈ ಎಂದರೆ ಒಂದೇ ಅಂಗಡಿಯ ಸಾಮಾನಲ್ಲ. ರೇಡಿಯೊ ಪೆಟ್ಟಿಗೆ ತಯಾರಿಸುವವರು ಒಬ್ಬರು. ಅದನ್ನು ತಂದು ಕಂಬಕ್ಕೆ ಕಟ್ಟುವ ಗುತ್ತಿಗೆದಾರರು ಇನ್ನೊಬ್ಬರು. ಹಿಂದಿನಿಂದ ಫೈಬರ್ ಲೈನ್ ಕೊಡುವ ಕಂಪನಿ ಮತ್ತೊಂದು. ಕಂಬ ಒಂದು ಇಲಾಖೆಯದು, ಕರೆಂಟ್ ಇನ್ನೊಂದು ಮಂಡಳಿಯದು. ಲಾಗಿನ್ ಪುಟ ನೋಡಿಕೊಳ್ಳಲು ಬೇರೆಯೇ ಸಾಫ್ಟ್‌ವೇರ್ ಕಂಪನಿ. ಇವರಲ್ಲಿ ಪೆಟ್ಟಿಗೆ ಮಾರುವವರಿಗೆ ಹಣ ಪೆಟ್ಟಿಗೆ ಇಳಿಸಿದ ದಿನವೇ ಬಂದುಬಿಡುತ್ತದೆ. ಗುತ್ತಿಗೆದಾರರಿಗೆ ಉದ್ಘಾಟನೆಯ ನಂತರ ಬಿಲ್ ಪಾಸಾಗುತ್ತದೆ. ಆಮೇಲಿನ ತಿಂಗಳ ಖರ್ಚು ಯಾರ ತಲೆಗೆ ಎಂಬುದು ಯಾವ ಕಾಗದದಲ್ಲೂ ಸರಿಯಾಗಿ ಬರೆದಿರುವುದಿಲ್ಲ.

ಇಲ್ಲಿ ಕಂಪನಿಯ ಗಿರಾಕಿ ಊರಿನ ಜನ ಆಗಿರುವುದಿಲ್ಲ. ಟೆಂಡರ್‌ಗೆ ಸಹಿ ಹಾಕುವ ಅಧಿಕಾರಿ, ರಿಬ್ಬನ್ ಕತ್ತರಿಸುವ ಮುಖಂಡರು ಗಿರಾಕಿಗಳು. ಅವರಿಗೆ ಬೇಕಾದದ್ದು ‘ಇಷ್ಟು ಹಾಟ್‌ಸ್ಪಾಟ್’ ಎಂಬ ಸಂಖ್ಯೆ. ಆ ಸಂಖ್ಯೆಯನ್ನು ಕಂಪನಿ ಕೊಡುತ್ತದೆ. ಇವತ್ತು ಎಷ್ಟು ಜನ ಲಾಗಿನ್ ಆದರು, ಎಷ್ಟು ಪೆಟ್ಟಿಗೆ ಬಂದ್ ಬಿದ್ದಿವೆ ಎಂದು ಯಾರೂ ಕೇಳುವುದಿಲ್ಲ. ಊಟಕ್ಕಿಲ್ಲದ ಉಪ್ಪಿನಕಾಯಿ ಎಂಬ ಗಾದೆ ಇಂಥ ಯೋಜನೆಗೇ ಹುಟ್ಟಿದಂತಿದೆ.

ತೇಣಿಯ ಕಣ್ಣಾಸ್ಪತ್ರೆ ಹೇಳುವ ಪಾಠ

ಗೆದ್ದ ಉದಾಹರಣೆಯೂ ತಮಿಳುನಾಡಿನಲ್ಲೇ ಇದೆ. ಕಂಬಂ ಕಣಿವೆಯಲ್ಲಿ ಕನ್ನಡ ಮನೆಮಾತಿನ ಕುಟುಂಬಗಳಿರುವ ತೇಣಿ ಜಿಲ್ಲೆಯದು ಅದು. ಅಲ್ಲಿನ ಅರವಿಂದ್ ಕಣ್ಣಿನ ಆಸ್ಪತ್ರೆ ಸುತ್ತಲಿನ ಊರುಗಳಲ್ಲಿ ಸಣ್ಣ ನೇತ್ರ ತಪಾಸಣಾ ಕೇಂದ್ರಗಳನ್ನು ತೆರೆಯಿತು. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಎರಿಕ್ ಬ್ರೂವರ್ ತಂಡ 2006ರ ಹೊತ್ತಿಗೆ ಆ ಕೇಂದ್ರಗಳನ್ನು ವೈ-ಫೈ ಮೂಲಕ ಆಸ್ಪತ್ರೆಗೆ ಜೋಡಿಸಿತು. ಸಾಮಾನ್ಯ ವೈ-ಫೈ ರೇಡಿಯೊಗೆ ದಿಕ್ಕು ಹಿಡಿದು ನಿಲ್ಲುವ ಆಂಟೆನಾ ಕಟ್ಟಿ, ಸಾಫ್ಟ್‌ವೇರ್ ಬದಲಿಸಿ, ಹತ್ತಾರು ಕಿ.ಮೀ. ದೂರಕ್ಕೆ ಸಿಗ್ನಲ್ ಕಳಿಸಿದರು. ಹಳ್ಳಿಯ ಅಜ್ಜಿ ತಪಾಸಣಾ ಕೇಂದ್ರದಲ್ಲಿ ಕೂತರೆ ತೇಣಿಯ ಡಾಕ್ಟರು ಪರದೆಯ ಮೇಲೆ ಮಾತಾಡಿಸುತ್ತಾರೆ. ಶಸ್ತ್ರಚಿಕಿತ್ಸೆ ಬೇಕಿದ್ದವರು ಮಾತ್ರ ಬಸ್ ಹತ್ತಿದರೆ ಸಾಕು.

ಆ ತಂಡಕ್ಕೆ ದೊಡ್ಡ ತಲೆನೋವಾದದ್ದು ಕರೆಂಟ್. ವೋಲ್ಟೇಜ್ ಏರಿಳಿತಕ್ಕೆ ಉಪಕರಣಗಳು ಸುಟ್ಟುಹೋಗುತ್ತಿದ್ದವು. ಪ್ರತಿ ಸಲ ದೂರದಿಂದ ಎಂಜಿನಿಯರ್ ಬರುವುದು ಆಗದ ಮಾತು. ಕೊನೆಗೆ ಆಸ್ಪತ್ರೆಯ ಸಿಬ್ಬಂದಿಗೇ ತರಬೇತಿ ಕೊಟ್ಟು ನಿರ್ವಹಣೆ ಒಪ್ಪಿಸಿದರು. ಜಾಲ ಬಳಸುವವರೇ ಜಾಲ ಕಾಯುವವರಾದರು. ಹಿಮಾಚಲದ ಧರ್ಮಶಾಲಾದಲ್ಲಿ 2005ರಿಂದ ಬೆಳೆದ ಏರ್‌ಜಲ್ದಿ ಜಾಲವೂ ಇದೇ ದಾರಿಯಲ್ಲಿ ಉಳಿಯಿತು.

ಮೇಲೂರಿನ ಕಥೆಯನ್ನು ಪಕ್ಕದಲ್ಲಿಟ್ಟು ನೋಡಬೇಕು. ಐಐಟಿ ಮದ್ರಾಸಿನ ಪ್ರಾಧ್ಯಾಪಕ ಅಶೋಕ್ ಝುನ್‌ಝುನ್‌ವಾಲಾ ತಂಡ ರೂಪಿಸಿದ ಕಾರ್‌ಡೆಕ್ಟ್ ವೈರ್‌ಲೆಸ್ ಬಳಸಿ 2000ರ ದಶಕದ ಆರಂಭದಲ್ಲಿ ಮದುರೈ ಜಿಲ್ಲೆ ಮೇಲೂರು ಭಾಗದ ಹಳ್ಳಿಗಳಲ್ಲಿ ಇಂಟರ್‌ನೆಟ್ ಕಿಯೋಸ್ಕ್ ತೆರೆಯಲಾಯಿತು. ತಂತ್ರಜ್ಞಾನ ಒಳ್ಳೆಯದೇ ಇತ್ತು. ಆದರೆ ದಿನವೂ ಜನ ಬರುವಂಥ ಕೆಲಸ ಕಿಯೋಸ್ಕ್‌ಗೆ ಸಿಗಲಿಲ್ಲ. ಸಾಲ ಮಾಡಿ ಇಟ್ಟವರಿಗೆ ಕಂತು ಕಟ್ಟುವಷ್ಟೂ ಹುಟ್ಟಲಿಲ್ಲ. ಬಹಳಷ್ಟು ಮುಚ್ಚಿದವು. ತೇಣಿಯಲ್ಲಿ ನಿತ್ಯದ ಕೆಲಸವಿತ್ತು, ಜಾಲ ಬಾಳಿತು. ಮೇಲೂರಿನಲ್ಲಿ ಕೆಲಸ ಹುಡುಕಬೇಕಾಯಿತು, ಜಾಲ ಬಡವಾಯಿತು. ವ್ಯತ್ಯಾಸ ಇಷ್ಟೇ.

ಈಗಲೂ ಬೇಕೇ?

ಎಲ್ಲರ ಕೈಯಲ್ಲೂ ಮೊಬೈಲ್ ಡೇಟಾ ಇರುವಾಗ ಊರಿಗೆ ವೈ-ಫೈ ಏಕೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಉತ್ತರ ಮನೆಯ ಖರ್ಚಿನ ಚೀಟಿಯಲ್ಲಿದೆ. 2024ರ ಜುಲೈನಲ್ಲಿ ಕಂಪನಿಗಳು ದರ ಏರಿಸಿದಾಗ ಜಿಯೋದ ದಿನಕ್ಕೆ 1.5 ಜಿಬಿ ಪ್ಲಾನ್ 239ರಿಂದ 299 ರೂಪಾಯಿಗೆ ಹೋಯಿತು. ಅವಧಿ 28 ದಿನ. ಅಂದರೆ ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ರೀಚಾರ್ಜ್. ಮನೆಯಲ್ಲಿ ನಾಲ್ಕು ಫೋನ್ ಇದ್ದರೆ ಆ ದರದಲ್ಲಿ ವರ್ಷಕ್ಕೆ 15,548 ರೂಪಾಯಿ. ಕೂಲಿಗೆ ಮಗ್ಗ ಓಡಿಸುವ ಮನೆಗೆ ಇದು ಸಣ್ಣ ಮೊತ್ತವಲ್ಲ. ಹಾಗಾಗಿ ಎಷ್ಟೋ ಮನೆಯಲ್ಲಿ ಅಪ್ಪನ ಫೋನಿಗೆ ಮಾತ್ರ ರೀಚಾರ್ಜು, ಓದುವ ಮಕ್ಕಳು ಆ ಫೋನ್ ಮನೆಗೆ ಬರುವುದನ್ನೇ ಕಾಯಬೇಕು. ಕೋವಿಡ್ ಕಾಲದ 2020-21ರ ಆನ್‌ಲೈನ್ ಪಾಠದಲ್ಲಿ ಇದರ ಕಷ್ಟ ಎಲ್ಲರಿಗೂ ಗೊತ್ತಾಯಿತು. ತಗಡಿನ ಛಾವಣಿಯ ಮಗ್ಗದ ಶೆಡ್ಡಿನೊಳಗೆ ಮೊಬೈಲ್ ಸಿಗ್ನಲ್ ಕುಂದುವುದು ಬೇರೆ ಮಾತು.

ಗಡಿಯಾಚೆಯ ಕನ್ನಡ ಕುಟುಂಬಕ್ಕೆ ಇನ್ನೊಂದು ಕಾರಣವೂ ಇದೆ. ಒಂದು ಕಾಲಕ್ಕೆ ಗಡಿಭಾಗದಲ್ಲಿ ಮನೆಯ ಮುಂಬಾಗಿಲಲ್ಲಿ ಒಂದು ರಾಜ್ಯದ ಟವರ್, ಹಿತ್ತಲಲ್ಲಿ ಇನ್ನೊಂದು ರಾಜ್ಯದ ಟವರ್ ಸಿಕ್ಕು ರೋಮಿಂಗ್ ದುಡ್ಡು ಕಟ್ಟಾಗುತ್ತಿತ್ತು. 2016-17ರಲ್ಲಿ ಆ ಕಾಟ ತಪ್ಪಿತು. ಈಗ ಊರ ಜಮೀನಿನ ಪಹಣಿ ನೋಡಲು ‘ಭೂಮಿ’ ಜಾಲತಾಣ ಸಾಕು, ತಾಲೂಕು ಕಚೇರಿಗೆ ಬಸ್ ಹಿಡಿಯಬೇಕಿಲ್ಲ. ಶಾಲೆಯಲ್ಲಿ ಕನ್ನಡ ಅಕ್ಷರ ಸಿಗದ ಮಗುವಿಗೆ ಅಕ್ಷರ ಕಲಿಸುವ ಪಾಠ ಫೋನಿನಲ್ಲೇ ಸಿಗುತ್ತದೆ. ಮನೆಮಾತು ಕನ್ನಡವಾದರೂ ಕನ್ನಡ ಓದಲು ಬಾರದ ಮಕ್ಕಳು ಈ ಭಾಗದಲ್ಲಿ ಸಾಕಷ್ಟಿದ್ದಾರೆ. ಅವರಿಗೆ ಇಂಟರ್‌ನೆಟ್ ಮೋಜಿನ ಸಾಮಾನಲ್ಲ, ಅಜ್ಜ-ಅಜ್ಜಿಯ ಭಾಷೆಗೆ ಉಳಿದ ಕಿಟಕಿ.

ಚಹಾ ಅಂಗಡಿಯ ಲೆಕ್ಕ

ಹಾಗಾದರೆ ದಾರಿ ಯಾವುದು? 2020ರ ಡಿಸೆಂಬರ್ 9ರಂದು ಕೇಂದ್ರ ಸಂಪುಟ ಒಪ್ಪಿದ ‘ಪಿಎಂ-ವಾಣಿ’ ಯೋಜನೆ ಒಂದು ದಾರಿ ತೋರಿಸಿದೆ. ಹಳೆಯ ಎಸ್‌ಟಿಡಿ ಬೂತ್ ನೆನಪಿಸಿಕೊಂಡರೆ ಇದು ಬೇಗ ಅರ್ಥವಾಗುತ್ತದೆ. ಚಹಾ ಅಂಗಡಿ, ಕಿರಾಣಿ, ಝೆರಾಕ್ಸ್ ಅಂಗಡಿಯವರು ತಮ್ಮ ಬ್ರಾಡ್‌ಬ್ಯಾಂಡ್ ಲೈನಿಗೆ ಒಂದು ವೈ-ಫೈ ಪೆಟ್ಟಿಗೆ ಹಾಕಿ ಕೂಪನ್ ಮಾರಬಹುದು. ಅವರನ್ನು ‘ಪಬ್ಲಿಕ್ ಡೇಟಾ ಆಫೀಸ್’ ಎಂದು ಕರೆಯುತ್ತಾರೆ. ಲೈಸೆನ್ಸ್ ಬೇಡ, ನೋಂದಣಿ ಬೇಡ, ಶುಲ್ಕ ಬೇಡ. ಲಾಗಿನ್, ಲೆಕ್ಕಪತ್ರ ನೋಡಿಕೊಳ್ಳಲು ಅಗ್ರಿಗೇಟರ್ ಎಂಬ ಕಂಪನಿ ಇರುತ್ತದೆ. ಬೆಂಗಳೂರಿನಲ್ಲಿ ‘ವೈಫೈ ಡಬ್ಬಾ’ ಎಂಬ ಸಣ್ಣ ಕಂಪನಿ ಇದಕ್ಕೂ ಮೊದಲೇ ಬೇಕರಿ, ಚಹಾ ಅಂಗಡಿಗಳ ಮೂಲಕ 2 ರೂಪಾಯಿಯಿಂದ ಕೂಪನ್ ಮಾರಿ ತೋರಿಸಿತ್ತು.

ಲೆಕ್ಕಕ್ಕಾಗಿ ಹೀಗೆ ಇಟ್ಟುಕೊಳ್ಳೋಣ. ಲೈನಿಗೆ ತಿಂಗಳಿಗೆ 800, ಕರೆಂಟ್-ರಿಪೇರಿಗೆ 200, ಒಟ್ಟು 1,000 ರೂಪಾಯಿ ಖರ್ಚು. 10 ರೂಪಾಯಿ ಕೂಪನ್‌ನಲ್ಲಿ ಅಗ್ರಿಗೇಟರ್ ಪಾಲು ಕಳೆದು ಅಂಗಡಿಗೆ 7 ರೂಪಾಯಿ ಉಳಿದರೆ, ತಿಂಗಳಿಗೆ 143 ಕೂಪನ್ ಹೋದರೆ ಖರ್ಚು ಹುಟ್ಟಿತು. ದಿನಕ್ಕೆ ಐದು. ಬಸ್ ಸ್ಟ್ಯಾಂಡ್ ಎದುರಿನ ಅಂಗಡಿಗೆ ಇದು ಅಸಾಧ್ಯವಲ್ಲ.

ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎಂಬಂತಾಯಿತು. ಲೈನ್ ಕೊಡುವ ದೊಡ್ಡ ಕಂಪನಿಗಳು, ಮರುಮಾರಾಟಕ್ಕೆ ಮನೆಯ ಬ್ರಾಡ್‌ಬ್ಯಾಂಡ್ ಆಗದು, ಲೀಸ್ಡ್ ಲೈನೇ ಬೇಕು ಎಂದವು. ಲೀಸ್ಡ್ ಲೈನಿನ ದರ ಮನೆ ಲೈನಿನ ಹಲವು ಪಟ್ಟು. ಚಹಾ ಅಂಗಡಿಗೆ ಅದು ಕನಸಿನ ಮಾತು. 2018ರ ರಾಷ್ಟ್ರೀಯ ನೀತಿ 2022ರೊಳಗೆ ಒಂದು ಕೋಟಿ ಹಾಟ್‌ಸ್ಪಾಟ್ ಎಂದಿತ್ತು. 2025ರ ಹೊತ್ತಿಗೂ ಪಿಎಂ-ವಾಣಿಯ ಸಂಖ್ಯೆ ಕೆಲವೇ ಲಕ್ಷದಲ್ಲಿ ನಿಂತಿತ್ತು. ಕೊನೆಗೆ 2025ರ ಜೂನ್‌ನಲ್ಲಿ ಟ್ರಾಯ್ ಆದೇಶ ಹೊರಡಿಸಿತು. 200 ಎಂಬಿಪಿಎಸ್‌ವರೆಗಿನ ಮನೆ ಬ್ರಾಡ್‌ಬ್ಯಾಂಡ್ ಪ್ಲಾನ್‌ಗಳನ್ನು ಇಂಥ ಅಂಗಡಿಗಳಿಗೂ ಕೊಡಬೇಕು, ದರ ಮನೆಯವರ ದರದ ಎರಡು ಪಟ್ಟು ಮೀರಬಾರದು ಎಂದಿತು. ಮೇಲಿನ ಲೆಕ್ಕದಲ್ಲಿ ಲೈನಿಗೆ 1,600 ಆದರೂ ದಿನಕ್ಕೆ ಒಂಬತ್ತು ಕೂಪನ್ ಸಾಕು. ಬಾಗಿಲು ಅರ್ಧ ತೆರೆದಿದೆ. ಈ ಆದೇಶದ ಸುದ್ದಿ ಸಣ್ಣ ಊರಿನ ಅಂಗಡಿಗಳಿಗೆ ಮುಟ್ಟಬೇಕು.

ಸಹಿಗೆ ಮುಂಚೆ ಕೇಳಬೇಕಾದದ್ದು

ಭಾರತ್‌ನೆಟ್ ಗ್ರಾಮ ಪಂಚಾಯಿತಿಗಳಿಗೆ. ತಮಿಳುನಾಡಿನಲ್ಲಿ 12,525 ಪಂಚಾಯಿತಿಗಳಿಗೆ ಟ್ಯಾನ್‌ಫಿನೆಟ್ ಆ ಕೆಲಸ ವಹಿಸಿಕೊಂಡಿದೆ. 2025ರ ಮಾರ್ಚ್‌ಗೆ ಮುಗಿದ ಸ್ಮಾರ್ಟ್ ಸಿಟಿ ಯೋಜನೆ ಕೊಯಮತ್ತೂರು, ತಿರುಪ್ಪೂರು, ಬೆಳಗಾವಿ, ಸೊಲ್ಲಾಪುರದಂಥ 100 ನಗರಗಳಿಗೆ. ಕೇರಳದಲ್ಲಿ 2023ರ ಜೂನ್‌ನಲ್ಲಿ ಉದ್ಘಾಟನೆಯಾದ ಕೆ-ಫೋನ್ ಬಡ ಕುಟುಂಬಗಳಿಗೆ ಸಂಪರ್ಕ ಕೊಡುವ ಗುರಿ ಇಟ್ಟುಕೊಂಡಿದ್ದು, ಕಾಸರಗೋಡಿನ ಕನ್ನಡಿಗರು ಅದರ ಪಾಲು ಕೇಳಬಹುದು. ನಡುವೆ ಸಿಕ್ಕಿಕೊಂಡದ್ದು ವೆಳ್ಳಕೋಯಿಲ್, ಅಕ್ಕಲಕೋಟೆಯಂಥ ಪುರಸಭೆಗಳು. ಹಳ್ಳಿಯೂ ಅಲ್ಲ, ಮಹಾನಗರವೂ ಅಲ್ಲ.

ಇಂಥ ಊರಿಗೆ ನಾಳೆ ಯಾವುದೋ ಕಂಪನಿ ಉಚಿತ ವೈ-ಫೈ ಎಂದು ಬಂದರೆ ಪುರಸಭೆ ಸದಸ್ಯರು ಮೊದಲು ಕೆಲವು ಪ್ರಶ್ನೆ ಕೇಳಬೇಕು. ಎರಡನೇ ವರ್ಷದ ಲೈನ್ ಬಿಲ್ ಕಟ್ಟೋರು ಯಾರು? ಪೆಟ್ಟಿಗೆ ಕೆಟ್ಟರೆ ಎಷ್ಟು ತಾಸಿನಲ್ಲಿ ದುರಸ್ತಿ, ಆಗದಿದ್ದರೆ ದಂಡ ಎಷ್ಟು? ತಿಂಗಳಿಗೆ ಎಷ್ಟು ಜನ ಬಳಸಿದರು ಎಂಬ ಲೆಕ್ಕವನ್ನು ಪುರಸಭೆಯ ಬೋರ್ಡಿನಲ್ಲಿ ಹಚ್ಚುತ್ತೀರಾ? ಲಾಗಿನ್‌ಗೆ ಕೊಡುವ ಫೋನ್ ನಂಬರ್ ಜಾಹೀರಾತಿನವರ ಕೈಗೆ ಹೋಗದಂತೆ ಕರಾರು ಇದೆಯೇ?

ಕೊನೆಯ ಪ್ರಶ್ನೆ ಸಣ್ಣದಲ್ಲ. 2008ರ ಅಹಮದಾಬಾದ್ ಸ್ಫೋಟದ ವೇಳೆ ನವಿ ಮುಂಬಯಿಯ ತೆರೆದ ವೈ-ಫೈ ಒಂದರಿಂದ ಬೆದರಿಕೆ ಇ-ಮೇಲ್ ಹೋಗಿತ್ತು. 2009ರಲ್ಲಿ ದೂರಸಂಪರ್ಕ ಇಲಾಖೆ ಸಾರ್ವಜನಿಕ ವೈ-ಫೈಗೆ ಬಳಕೆದಾರರ ಗುರುತು ಕಡ್ಡಾಯ ಮಾಡಿತು. ಭದ್ರತೆಗೆ ಅದು ಬೇಕು. ಆದರೆ ಹಾಗೆ ಸೇರಿದ ನಂಬರ್‌ಗಳೇ ಮಾರಾಟದ ಸರಕಾಗಬಾರದು. ಬಳಸುವವರೂ ಎಚ್ಚರದಿಂದಿರಬೇಕು. ಹೊರಗಿನ ವೈ-ಫೈನಲ್ಲಿ ಬ್ಯಾಂಕಿನ ಕೆಲಸ ಬೇಡವೇ ಬೇಡ.

ಇಡೀ ಊರಿಗೆ ಒಂದೇ ಸಲ ಡಬ್ಬಿ ಕಟ್ಟುವ ಆಸೆಯನ್ನೂ ಬಿಡಬೇಕು. ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ಗಾಳಿಯಲ್ಲೇ ದಾಟಿಸುವ ಮೆಶ್ ಜಾಲದಲ್ಲಿ, ಒಂದೇ ರೇಡಿಯೊ ಇದ್ದರೆ ಪ್ರತಿ ಜಿಗಿತಕ್ಕೆ ವೇಗ ಸುಮಾರು ಅರ್ಧಕ್ಕಿಳಿಯುತ್ತದೆ. ಸರಕಾರಿ ಆಸ್ಪತ್ರೆ, ಗ್ರಂಥಾಲಯ, ಶಾಲೆ, ಬಸ್ ನಿಲ್ದಾಣ ಎಂಬ ನಾಲ್ಕು ಕಡೆ ಫೈಬರ್ ಮುಟ್ಟಿಸಿ ಅಲ್ಲಿ ಗಟ್ಟಿಯಾಗಿ ನಡೆಸಿದರೆ ಸಾಕು. ಉಳಿದ ಬೀದಿಗಳನ್ನು ಅಂಗಡಿಯವರು ನೋಡಿಕೊಳ್ಳುತ್ತಾರೆ. ಗ್ರಂಥಾಲಯದಲ್ಲಿ ಓದುವ ಮಕ್ಕಳಿಗೆ ಉಚಿತವಿರಲಿ, ಅದರ ಖರ್ಚನ್ನು ಪುರಸಭೆ ಬಜೆಟ್‌ನಲ್ಲಿ ಬಾಯಿಬಿಟ್ಟು ತೋರಿಸಲಿ. ಪ್ರಯಾಣಿಕರು 10 ರೂಪಾಯಿ ಕೊಟ್ಟರೆ ತಪ್ಪಿಲ್ಲ. ದುಡ್ಡು ಕೊಟ್ಟವರು ಕೆಟ್ಟಾಗ ಕೇಳುತ್ತಾರೆ. ಪುಕ್ಕಟೆ ಸಿಕ್ಕದ್ದನ್ನು ಯಾರೂ ಕೇಳುವುದಿಲ್ಲ.

ಇನ್ನು ಭಾಷೆಯ ಮಾತು. ಲಾಗಿನ್ ಪುಟ ಇಂಗ್ಲಿಷಿನಲ್ಲಷ್ಟೇ ಇದ್ದರೆ ಮಗ್ಗದ ಮನೆಯ ತಾಯಿ ಅಲ್ಲೇ ನಿಲ್ಲುತ್ತಾಳೆ. ವೆಳ್ಳಕೋಯಿಲ್‌ನಲ್ಲಿ ತಮಿಳು ಮೊದಲಿರಲಿ, ಅಕ್ಕಲಕೋಟೆಯಲ್ಲಿ ಮರಾಠಿ ಮೊದಲಿರಲಿ. ಪಕ್ಕದಲ್ಲಿ ಕನ್ನಡದ ಒಂದು ಗುಂಡಿ ಇಡಲು ಕಂಪನಿಗೆ ಹೆಚ್ಚೇನೂ ಖರ್ಚಾಗದು. ಕೇಳದೆ ಮಾತ್ರ ಯಾರೂ ಇಡುವುದಿಲ್ಲ. ಈ ಭಾಗದ ಕನ್ನಡ ಸಂಘಗಳು, ದೇವಾಂಗ ಸಮಾಜದ ಹಿರಿಯರು ಪುರಸಭೆಗೆ ಮನವಿ ಕೊಡುವಾಗ ರಸ್ತೆ, ಚರಂಡಿ, ನೀರಿನ ಜತೆಗೆ ಇದನ್ನೂ ಒಂದು ಸಾಲು ಸೇರಿಸಲಿ. ಜಾಲ ಮಾರುವವರ ಮುಂದೆ ಬಳಸುವವರು ಬಾಯಿ ತೆರೆಯದಿದ್ದರೆ ಇನ್ನೊಂದು ಫಲಕ ಬರುತ್ತದೆ, ತುಕ್ಕು ಹಿಡಿಯುತ್ತದೆ. ಸಂಬಂಧಪಟ್ಟವರು ಟೆಂಡರ್‌ಗೆ ಮೊದಲೇ ಎಚ್ಚೆತ್ತುಕೊಳ್ಳಲಿ.